ಸೊನ್ನೆ, ಅನುಸ್ವಾರ ಮತ್ತು ನನ್ನ ಸಂಜೆಗಳು

ಮೊಬೈಲನ್ನು ಬಿಟ್ಟುಬಿಡಿ ಎಂದು ಉಪದೇಶ ಮಾಡುವವರ ಮೇಲೆ ನನಗೆ ಅಷ್ಟೇನೂ ನಂಬಿಕೆಯಿಲ್ಲ. ಅವರಲ್ಲಿ ಹೆಚ್ಚಿನವರು ಆ ಉಪದೇಶವನ್ನು ಮೊಬೈಲಿನಲ್ಲೇ ಮಾಡುತ್ತಿರುತ್ತಾರೆ. ನಾನು ಬ್ಯಾಂಕ್ ನೌಕರ. ಹಗಲೆಲ್ಲ ದೊಡ್ಡ ಪರದೆ, ಸಂಜೆ ಮನೆಗೆ ಬಂದರೆ ಸಣ್ಣ ಪರದೆ. ಬಹಳ ಕಾಲ ಇದು ಹೀಗೆಯೇ ನಡೆದಿತ್ತು. ನನ್ನನ್ನು ಕಾಡುತ್ತಿದ್ದದ್ದು ಪರದೆ ಅಲ್ಲ, ಅದರಲ್ಲಿ ನಡೆಯುವ ಯಾವುದೂ ಮುಗಿಯುವುದಿಲ್ಲ ಎಂಬುದು ಎಂದು ತಿಳಿಯುವುದಕ್ಕೆ ಸಮಯ ಹಿಡಿಯಿತು. ಪತ್ರಿಕೆಗೆ ಕೊನೆಯ ಪುಟವಿದೆ, ಆಕಾಶವಾಣಿಯ ವಾರ್ತೆ ‘ಇಲ್ಲಿಗೆ ಮುಕ್ತಾಯವಾಯಿತು’ ಎಂದು ತಾನೇ ಹೇಳುತ್ತದೆ. ಬೆರಳಿನಿಂದ ತಳ್ಳಿದಷ್ಟೂ ಕೆಳಗಿನಿಂದ ಹೊಸದು ಬರುತ್ತಲೇ ಇರುವ ವಿನ್ಯಾಸಕ್ಕೆ ಅಂಥ ಸೌಜನ್ಯವಿಲ್ಲ. 2006ರಲ್ಲಿ ಅದನ್ನು ರೂಪಿಸಿದ ಏಜಾ ರಾಸ್ಕಿನ್ ಅವರೇ ಮುಂದೆ ಅದರ ಬಗ್ಗೆ ಬಹಿರಂಗವಾಗಿ ವಿಷಾದಪಟ್ಟಿದ್ದಾರೆ.

ಹಾಗಾಗಿ ನಾನು ಹುಡುಕಿದ್ದು ಮೊಬೈಲಿನಿಂದ ಬಿಡುಗಡೆಯನ್ನಲ್ಲ. ಅಂತರ್ಜಾಲದಲ್ಲೇ ಮಾಡಬಹುದಾದ, ಆದರೆ ಮುಗಿಯುವಂಥ ಒಂದು ಕೆಲಸವನ್ನು. ಸಿಕ್ಕಿದ್ದು ಅಂತರ್ಜಾಲ ಗ್ರಂಥಾಲಯವಾದ ಕನ್ನಡ ವಿಕಿಸೋರ್ಸ್‌ನಲ್ಲಿ ಹಳೆಯ ಪುಸ್ತಕಗಳ ಕರಡು ತಿದ್ದುವ ಕೆಲಸ.

ಅದಕ್ಕೆ ಮೊದಲು ಮೊಬೈಲಿನಲ್ಲಿ ಮಾಡಿದ ಸಣ್ಣಪುಟ್ಟ ಬದಲಾವಣೆಗಳನ್ನು ಬೇಗ ಹೇಳಿಬಿಡುತ್ತೇನೆ, ಏಕೆಂದರೆ ಅವುಗಳಲ್ಲಿ ಹೊಸದೇನೂ ಇಲ್ಲ. ಕರೆ, ಸಂದೇಶ, ಬ್ಯಾಂಕಿನ ಸೂಚನೆ ಬಿಟ್ಟು ಉಳಿದೆಲ್ಲ ಆ್ಯಪ್‌ಗಳ ಅಧಿಸೂಚನೆ ನಿಲ್ಲಿಸಿದೆ. ಬಂಧುಬಳಗದ ವಾಟ್ಸ್ಆ್ಯಪ್ ಗುಂಪುಗಳನ್ನು ಶಾಶ್ವತವಾಗಿ ಮೌನವಾಗಿಸಿದೆ. ಯಾರೂ ಬೇಸರಪಟ್ಟುಕೊಳ್ಳಲಿಲ್ಲ, ಯಾರಿಗೂ ಗೊತ್ತೂ ಆಗಲಿಲ್ಲ. 2018ರಿಂದ ಆಂಡ್ರಾಯ್ಡ್‌ನಲ್ಲೂ ಐಫೋನ್‌ನಲ್ಲೂ ಯಾವ ಆ್ಯಪ್‌ನಲ್ಲಿ ಎಷ್ಟು ಹೊತ್ತು ಕಳೆದೆವು ಎಂದು ತೋರಿಸುವ, ಮಿತಿ ಹಾಕುವ ಸೌಲಭ್ಯ ಬಂದಿದೆ. ಮಿತಿ ಹಾಕಿದವನೂ ನಾನೇ, ತೆಗೆಯುವವನೂ ನಾನೇ ಆದ್ದರಿಂದ ಅದರಿಂದ ನನಗೆ ಪ್ರಯೋಜನ ಕಡಿಮೆ. ಪರದೆಯನ್ನು ಕಪ್ಪು ಬಿಳುಪಾಗಿಸುವ ಉಪಾಯ ಮಾತ್ರ ನಿಜವಾಗಿ ಕೆಲಸ ಮಾಡಿತು: ಬಣ್ಣ ಹೋದ ಮೇಲೆ ವಿಡಿಯೊಗಳು ಎಷ್ಟು ನೀರಸವಾಗಿರುತ್ತವೆ ಎಂದರೆ ಐದನೆಯದನ್ನು ನೋಡುವ ಮನಸ್ಸೇ ಬರುವುದಿಲ್ಲ.

ಆದರೆ ಖಾಲಿಯಾದ ಜಾಗ ಖಾಲಿಯಾಗಿಯೇ ಉಳಿಯುವುದಿಲ್ಲ. ಅಲ್ಲಿ ಏನನ್ನಾದರೂ ಕೂರಿಸಬೇಕು.

ವಿಕಿಸೋರ್ಸ್ ಎಂದರೆ ಹಕ್ಕುಸ್ವಾಮ್ಯದ ಅವಧಿ ಮುಗಿದ ಅಥವಾ ಮುಕ್ತ ಪರವಾನಗಿಯಲ್ಲಿ ಬಿಟ್ಟ ಪುಸ್ತಕಗಳ ಗ್ರಂಥಾಲಯ. 2003ರಲ್ಲಿ ಆರಂಭವಾದ ಯೋಜನೆ ಇದು; ವಿಕಿಪೀಡಿಯದ ತಂಗಿ ಎನ್ನಬಹುದು. ಇಲ್ಲಿ ಯಾರೂ ಹೊಸದಾಗಿ ಏನನ್ನೂ ಬರೆಯುವುದಿಲ್ಲ. ಪುಸ್ತಕದ ಸ್ಕ್ಯಾನ್ ಆದ ಕಡತ ಒಂದು ಕಡೆ ಇರುತ್ತದೆ. ಪುಟವನ್ನು ತೆರೆದರೆ ಒಂದು ಬದಿಯಲ್ಲಿ ಆ ಪುಟದ ಚಿತ್ರ, ಇನ್ನೊಂದು ಬದಿಯಲ್ಲಿ ಪಠ್ಯದ ಪೆಟ್ಟಿಗೆ. ಗುಂಡಿ ಒತ್ತಿದರೆ ಯಂತ್ರವು ಚಿತ್ರವನ್ನು ಓದಿ ಪೆಟ್ಟಿಗೆಯಲ್ಲಿ ಅಕ್ಷರಗಳನ್ನು ತುಂಬುತ್ತದೆ. ಆ ಅಕ್ಷರಗಳನ್ನು ಚಿತ್ರದೊಂದಿಗೆ ಹೋಲಿಸಿ ತಿದ್ದುವುದು ಮನುಷ್ಯರ ಪಾಲು. ತಿದ್ದದ ಪುಟ ಕೆಂಪು, ಒಬ್ಬರು ತಿದ್ದಿದ್ದು ಹಳದಿ, ಇನ್ನೊಬ್ಬರು ಮತ್ತೆ ನೋಡಿ ಒಪ್ಪಿದ್ದು ಹಸಿರು. ನಾನು ಹಳದಿ ಮಾಡಿದ ಪುಟವನ್ನು ನಾನೇ ಹಸಿರು ಮಾಡುವ ಹಾಗಿಲ್ಲ. ಬ್ಯಾಂಕಿನಲ್ಲಿ ಒಬ್ಬ ನಮೂದಿಸಿದ ವ್ಯವಹಾರವನ್ನು ಇನ್ನೊಬ್ಬ ದೃಢೀಕರಿಸಬೇಕು. ಇಲ್ಲಿಯೂ ಅದೇ ನಿಯಮ ಕಂಡು ನನಗೆ ಈ ಕೆಲಸದ ಮೇಲೆ ಒಮ್ಮೆಲೇ ಗೌರವ ಹುಟ್ಟಿತು.

ಒಂದು ಪುಟಕ್ಕೆ ಸಾಮಾನ್ಯವಾಗಿ ಇಪ್ಪತ್ತು ನಿಮಿಷ, ಅಚ್ಚು ಕೆಟ್ಟದಾಗಿದ್ದರೆ ಅರ್ಧ ಗಂಟೆ. ಮೊಬೈಲಿನಲ್ಲೂ ಮಾಡಬಹುದು, ಆದರೆ ಚಿತ್ರ ಮತ್ತು ಪಠ್ಯ ಎರಡನ್ನೂ ಆ ಅಂಗೈಯಗಲದ ಪರದೆಯಲ್ಲಿ ಜೋಡಿಸಿಕೊಂಡು ತಿದ್ದುವುದು ಕಣ್ಣಿಗೆ ಶಿಕ್ಷೆ. ನಾನು ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡೆ. ಆ ಹೊತ್ತಿನಲ್ಲಿ ಮೊಬೈಲು ಬೇರೆ ಕೋಣೆಯಲ್ಲಿರುತ್ತದೆ.

ಯಂತ್ರ ಕನ್ನಡವನ್ನು ಹೇಗೆ ತಪ್ಪಾಗಿ ಓದುತ್ತದೆ ಎಂಬುದು ಪ್ರತ್ಯೇಕವಾಗಿ ಬರೆಯಬೇಕಾದ ವಿಷಯ. ನಮ್ಮ ಅಕ್ಷರಗಳ ಒಡಲಲ್ಲೇ ಗೊಂದಲದ ಬೀಜಗಳಿವೆ. ‘ಮ’ ಅಕ್ಷರವನ್ನು ಸ್ವಲ್ಪ ದೂರದಿಂದ ನೋಡಿದರೆ ‘ವು’. ಹಾಗಾಗಿ ‘ಮನೆ’ ಎಲ್ಲೆಂದರಲ್ಲಿ ‘ವುನೆ’ ಆಗುತ್ತದೆ. ‘ದ’, ‘ಧ’, ‘ಥ’ಗಳ ನಡುವಿನ ವ್ಯತ್ಯಾಸ ಒಂದು ಸೀಳು, ಒಂದು ಚುಕ್ಕೆ, ಹಳೆಯ ಕಾಗದದ ಮೇಲೆ ಮಸಿ ಹರಡಿದ್ದರೆ ಮೂರೂ ಒಂದೇ. ‘ಘ’ ಮತ್ತು ‘ಫ’, ‘ಷ’ ಮತ್ತು ‘ಪ’ ಕೂಡ ಹಾಗೆಯೇ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿದಿರುವುದರಿಂದ ಯಂತ್ರ ಕೆಲವೊಮ್ಮೆ ಅವುಗಳನ್ನು ಮುಂದಿನ ಸಾಲಿನ ತಲೆಗೆ ಕಟ್ಟುತ್ತದೆ. ಹಳಗನ್ನಡದ ‘ಱ’ ಮತ್ತು ‘ೞ’ ಬಂದರಂತೂ ಅದಕ್ಕೆ ದಿಕ್ಕೇ ತೋಚುವುದಿಲ್ಲ.

ಇವೆಲ್ಲ ಕಣ್ಣಿಗೆ ಕಾಣುವ ತಪ್ಪುಗಳು. ಕಾಣದ ತಪ್ಪುಗಳು ಎರಡಿವೆ, ಅವುಗಳ ಬಗ್ಗೆ ನನಗೆ ವಿಶೇಷ ದ್ವೇಷ. ಕನ್ನಡ ಅಂಕಿ ಸೊನ್ನೆ ‘೦’ ಮತ್ತು ಅನುಸ್ವಾರ ನೋಡುವುದಕ್ಕೆ ಒಂದೇ. ಆದರೆ ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಅವು ಬೇರೆ ಬೇರೆ ಸಂಕೇತಗಳು. ಯಂತ್ರ ‘ಕಂಬ’ ಎಂದು ಓದುವ ಬದಲು ನಡುವೆ ಸೊನ್ನೆ ಹಾಕಿ ‘ಕ೦ಬ’ ಮಾಡಿದರೆ ಓದುವವನಿಗೆ ಏನೂ ತಿಳಿಯುವುದಿಲ್ಲ. ಹುಡುಕುವವನಿಗೆ ತಿಳಿಯುತ್ತದೆ: ಆ ಪದ ಪುಸ್ತಕದಲ್ಲಿ ಇದ್ದೂ ಇಲ್ಲ. ಅರ್ಕಾವತ್ತಿನ ಕತೆಯೂ ಇದೇ. ಅದರ ಆಕಾರ ಕನ್ನಡ ಅಂಕಿ ಒಂಬತ್ತರ (‘೯’) ಆಕಾರ. ಯಂತ್ರವು ‘ಧರ್ಮ’ವನ್ನು ‘ಧಮ’ ಮತ್ತು ಒಂದು ಒಂಬತ್ತಾಗಿ ಓದುತ್ತದೆ, ‘ಸೂರ್ಯ’ನನ್ನೂ ಬಿಡುವುದಿಲ್ಲ. ಸೊನ್ನೆಯನ್ನಾದರೆ ಒಂದೇ ಬಾರಿಗೆ ಹುಡುಕಿ ಬದಲಾಯಿಸಬಹುದು, ‘೧೦೦’ರಂಥ ನಿಜವಾದ ಸಂಖ್ಯೆಗಳನ್ನು ಕಾಪಾಡಿಕೊಂಡರೆ ಸಾಕು. ಒಂಬತ್ತು ಹಾಗಲ್ಲ. ಅರ್ಕಾವತ್ತು ಕಾಣುವುದು ವ್ಯಂಜನದ ನಂತರ, ಆದರೆ ಕಂಪ್ಯೂಟರಿನಲ್ಲಿ ‘ರ್’ ಅನ್ನು ಅದಕ್ಕಿಂತ ಮೊದಲು ಬೆರಳಚ್ಚು ಮಾಡಬೇಕು. ಹಾಗಾಗಿ ಒಂಬತ್ತನ್ನು ಅಳಿಸಿ, ಹಿಂದಕ್ಕೆ ಹೋಗಿ, ಸರಿಯಾದ ಜಾಗದಲ್ಲಿ ‘ರ್’ ಕೂರಿಸಬೇಕು. ಪುಟದ ತುಂಬ ಧರ್ಮ, ಕರ್ಮ, ಸ್ವರ್ಗಗಳಿದ್ದರೆ ಸಂಜೆ ಕಳೆದಂತೆಯೇ.

ಇಷ್ಟು ಸೂಕ್ಷ್ಮ ಯಾಕೆ ಎಂಬ ಪ್ರಶ್ನೆಗೆ ಉತ್ತರ ನನಗೆ ನಮ್ಮ ಶಾಖೆಯಲ್ಲೇ ಸಿಕ್ಕಿತು. ದೃಷ್ಟಿಯಿಲ್ಲದ ಸಹೋದ್ಯೋಗಿ ಒಬ್ಬರು ನಮ್ಮಲ್ಲಿದ್ದಾರೆ. ಎನ್‌ವಿಡಿಎ ಎಂಬ, ಪರದೆಯನ್ನು ಓದಿ ಹೇಳುವ ಉಚಿತ ತಂತ್ರಾಂಶವನ್ನು ಬಳಸುತ್ತಾರೆ. ಆಸ್ಟ್ರೇಲಿಯದ ಇಬ್ಬರು ದೃಷ್ಟಿಹೀನ ಯುವಕರು ಕಟ್ಟಿದ ತಂತ್ರಾಂಶ ಅದು, ಕನ್ನಡವನ್ನೂ ಓದುತ್ತದೆ. ಅವರಿಗೆ ಹಳೆಯ ಪ್ರಬಂಧಗಳೆಂದರೆ ಇಷ್ಟ. ಯಂತ್ರ ಓದಿದ, ಇನ್ನೂ ತಿದ್ದದ ಒಂದು ಪ್ರಬಂಧವನ್ನು ಅವರಿಗೆ ಕಳುಹಿಸಿದ್ದೆ. ಮರುದಿನ ಊಟದ ಹೊತ್ತಿಗೆ ಕರೆದು, “ಸರ್, ಪ್ರಬಂಧ ಚೆನ್ನಾಗಿದೆ. ಆದರೆ ಲೇಖಕರು ಪ್ರತಿ ವಾಕ್ಯದಲ್ಲೂ ಸೊನ್ನೆ, ಒಂಬತ್ತು ಎಂದು ಏನು ಲೆಕ್ಕ ಹಾಕುತ್ತಿದ್ದಾರೆ?” ಎಂದು ಕೇಳಿದರು. ಅದೇ ಪ್ರಬಂಧವನ್ನು ತಿದ್ದಿ ಕೊಟ್ಟ ಮೇಲೆ ಅವರು ಮುಂದಿನದನ್ನು ಕೇಳಿದರು, ಮತ್ತೆ ಅದರ ಮುಂದಿನದನ್ನು. ಈಗ ಯಾವ ಪುಸ್ತಕವನ್ನು ಮೊದಲು ತಿದ್ದಬೇಕು ಎಂಬುದನ್ನು ಬಹುಮಟ್ಟಿಗೆ ಅವರೇ ನಿರ್ಧರಿಸುತ್ತಾರೆ. ನನ್ನ ಅಭಿರುಚಿಗಿಂತ ಅವರದು ಉತ್ತಮ ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ತಿದ್ದುವುದಕ್ಕಿಂತ ಕಷ್ಟದ ಕೆಲಸ ತಿದ್ದದೆ ಇರುವುದು. ವಿಕಿಸೋರ್ಸ್‌ನ ಮೂಲ ನಿಯಮ, ಪುಸ್ತಕದಲ್ಲಿ ಇದ್ದಂತೆಯೇ ಪಠ್ಯ ಇರಬೇಕು ಎಂಬುದು. ಧಾರವಾಡದ ಕಡೆ ಅಚ್ಚಾದ ಹಳೆಯ ಪುಸ್ತಕಗಳಲ್ಲಿ ‘ಮಾಡುವದು’, ‘ಹೋಗುವದು’ ಎಂದೇ ಇರುತ್ತದೆ. ನಮ್ಮ ಅಜ್ಜ ಕಾಗದ ಬರೆಯುವಾಗಲೂ ಹಾಗೆಯೇ ಬರೆಯುತ್ತಿದ್ದರು. ಇಂದಿನ ಶಿಷ್ಟ ರೂಪಕ್ಕೆ ಒಗ್ಗಿದ ಬೆರಳು ತಾನಾಗಿ ‘ಮಾಡುವುದು’ ಮಾಡಲು ಹೊರಡುತ್ತದೆ. ಮೊಬೈಲಿನ ಕೀಲಿಮಣೆಯ ಸಲಹೆಯಂತೂ ಕಾದು ಕುಳಿತಿರುತ್ತದೆ. ಅದನ್ನು ನಿಲ್ಲಿಸಿಯೇ ಕೆಲಸಕ್ಕೆ ಕೂರಬೇಕು. ಅಚ್ಚಿನ ಮೊಳೆ ತಪ್ಪಿದ್ದರೂ ಮೂಲದಂತೆ ಉಳಿಸಿ, ಇದು ಮೂಲದ ತಪ್ಪು ಎಂದು ಗುರುತು ಹಾಕುವ ವ್ಯವಸ್ಥೆ ಇದೆ. ಪುಸ್ತಕದ ಕೊನೆಯಲ್ಲಿ ತಪ್ಪು–ಒಪ್ಪು ಪಟ್ಟಿ ಇದ್ದರೆ ಅದನ್ನೂ ಒಂದು ಪುಟವಾಗಿ ತಿದ್ದುತ್ತೇವೆ. ಆ ಪಟ್ಟಿಯ ಒಳಗೂ ತಪ್ಪುಗಳಿದ್ದದ್ದನ್ನು ನೋಡಿದ್ದೇನೆ. ನೂರು ವರ್ಷಗಳ ಹಿಂದಿನ ಆ ಮೊಳೆ ಜೋಡಿಸುವವನ ಮೇಲೆ ಅಂದು ಬಹಳ ಪ್ರೀತಿ ಬಂತು.

ಪಿಯುಸಿ ಓದುವ ಮಗಳಿಗೆ ಇದೆಲ್ಲ ವ್ಯರ್ಥ ಶ್ರಮವಾಗಿ ಕಂಡಿತು. “ಅಪ್ಪ, ಇಡೀ ಪುಟವನ್ನು ಕೃತಕ ಬುದ್ಧಿಮತ್ತೆಗೆ ಕೊಟ್ಟರೆ ಒಂದು ನಿಮಿಷದಲ್ಲಿ ತಿದ್ದಿಕೊಡುತ್ತದೆ” ಎಂದಳು. ಕೊಟ್ಟು ನೋಡಿದೆವು. ‘ವುನೆ’ಗಳೆಲ್ಲ ಮನೆಗಳಾದವು, ಸೊನ್ನೆಗಳು ಮಾಯವಾದವು, ಇಷ್ಟರ ಮಟ್ಟಿಗೆ ಅವಳು ಗೆದ್ದಳು. ಆಮೇಲೆ ಚಿತ್ರದೊಂದಿಗೆ ಹೋಲಿಸಿದಾಗ ‘ಮಾಡುವದು’ಗಳೂ ನೆಟ್ಟಗಾಗಿದ್ದವು. ಮಸಿ ಹಾರಿ ಮಸುಕಾಗಿದ್ದ ಒಂದು ಸಾಲಿನಲ್ಲಿ ಮೂಲದಲ್ಲಿ ಇಲ್ಲದ, ಆದರೆ ಓದಲು ಬಹಳ ಹಿತವಾದ ನಾಲ್ಕು ಪದಗಳು ಬಂದು ಕುಳಿತಿದ್ದವು. ನನಗೆ ಭಯವಾದದ್ದು ಅಲ್ಲಿ. ‘ವುನೆ’ ಎಂಬ ತಪ್ಪು ತನ್ನನ್ನು ತಾನೇ ತೋರಿಸಿಕೊಡುತ್ತದೆ. ಅಂದವಾದ ತಪ್ಪು ತೋರಿಸಿಕೊಡುವುದಿಲ್ಲ. ಈಗ ನಾವು ಮಾಡಿಕೊಂಡಿರುವ ಒಪ್ಪಂದ ಇದು: ಯಂತ್ರಕ್ಕೆ ಅನುಮಾನದ ಪದಗಳನ್ನು ತೋರಿಸು ಎಂದು ಕೇಳಬಹುದು, ತಿದ್ದು ಎಂದು ಕೇಳುವಂತಿಲ್ಲ. ತಿದ್ದುವ ಕೈ ನಮ್ಮದೇ. ಮಗಳು ಇದನ್ನು ಹಟ ಎನ್ನುತ್ತಾಳೆ, ಇರಬಹುದು.

ಹಕ್ಕುಸ್ವಾಮ್ಯದ ವಿಷಯವನ್ನು ಬಿಡುವಂತಿಲ್ಲ. ಪುಸ್ತಕ ಹಳೆಯದು, ಆದ್ದರಿಂದ ಎಲ್ಲರದು ಎಂದು ಭಾವಿಸಿ ಸ್ಕ್ಯಾನ್ ಮಾಡಿ ಏರಿಸುವವರು ಬಹಳ. ಭಾರತದ 1957ರ ಕಾಯಿದೆಯ ಈಗಿನ ರೂಪದ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದ ಜನವರಿ 1ರಿಂದ ಲೆಕ್ಕ ಹಾಕಿ 60 ವರ್ಷ ಹಕ್ಕು ಉಳಿಯುತ್ತದೆ. ಗೋವಿಂದ ಪೈ ಅವರು 1963ರಲ್ಲಿ ತೀರಿಕೊಂಡರು. ಹಾಗಾಗಿ ಅವರ ಜೀವಿತಕಾಲದಲ್ಲಿ ಪ್ರಕಟವಾದ ಬರಹಗಳು ಭಾರತದ ಮಟ್ಟಿಗೆ ಮುಕ್ತವಾದದ್ದು 2024ರಲ್ಲಿ. ಆಲೂರು ವೆಂಕಟರಾಯರು ತೀರಿಕೊಂಡದ್ದು 1964ರಲ್ಲಿ, ಮುಕ್ತವಾದದ್ದು 2025ರಲ್ಲಿ. 1901ರಲ್ಲೇ ಕಣ್ಮುಚ್ಚಿದ ಮುದ್ದಣನ ವಿಷಯದಲ್ಲಿ ಈ ಲೆಕ್ಕ ಬೇಕಾಗುವುದಿಲ್ಲ. ಆದರೆ ಮುದ್ದಣನ ಕಾವ್ಯಕ್ಕೆ ಇತ್ತೀಚಿನ ವಿದ್ವಾಂಸರೊಬ್ಬರು ಬರೆದ ಮುನ್ನುಡಿ, ಟಿಪ್ಪಣಿ, ಗದ್ಯಾನುವಾದ ಇದ್ದರೆ ಅವು ಆ ವಿದ್ವಾಂಸರ ಸ್ವತ್ತು. ಕಾವ್ಯ ಎಲ್ಲರದು, ಅದನ್ನು ಹೊತ್ತ ಪುಸ್ತಕ ಎಲ್ಲರದಲ್ಲ. ಅನುವಾದಗಳಲ್ಲಿ ಮೂಲ ಲೇಖಕರ ಜೊತೆ ಅನುವಾದಕರ ಇಸವಿಯನ್ನೂ ನೋಡಬೇಕು. ವಿಕಿಸೋರ್ಸ್ ನಡೆಸುವ ವಿಕಿಮೀಡಿಯ ಸಂಸ್ಥೆಯ ಮುಖ್ಯ ಸರ್ವರ್‌ಗಳು ಅಮೆರಿಕದಲ್ಲಿರುವುದರಿಂದ ಅಲ್ಲಿನ ಕಾನೂನೂ ಮಧ್ಯೆ ಬರುತ್ತದೆ. ಈ ಜಂಜಾಟಕ್ಕೆ ಇಳಿಯುವ ಬದಲು ನಾನು ಈಗಾಗಲೇ ಅಲ್ಲಿರುವ, ಅನುಭವಿಗಳು ಪರಿಶೀಲಿಸಿ ಏರಿಸಿದ ಪುಸ್ತಕಗಳನ್ನೇ ತಿದ್ದುತ್ತೇನೆ. ಮಾಡಲು ಅಲ್ಲಿಯೇ ಬೇಕಾದಷ್ಟಿದೆ.

ಲಾಭವೇನು ಎಂದು ಕೇಳುವವರಿಗೆ ದೊಡ್ಡ ಉತ್ತರ ನನ್ನಲ್ಲಿಲ್ಲ. ಈ ಕೆಲಸ ಬೇಸರ ತರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಅಕ್ಷರ ಅಕ್ಷರವನ್ನು ನೋಡುವಾಗ ಕತೆಯ ಸ್ವಾರಸ್ಯ ಸಿಗುವುದಿಲ್ಲ. ಕೊಲೆ ನಡೆದ ಪುಟದಲ್ಲಿ ನನ್ನ ಗಮನ ಕೊಂಬು ದೀರ್ಘಗಳ ಮೇಲಿರುತ್ತದೆ. ಆದರೆ ಪುಟ ಉಳಿಸಿ ಮುಗಿಸಿದಾಗ ನಿಜವಾಗಿಯೂ ಮುಗಿದಿರುತ್ತದೆ. ಮುಂದಿನದು ತಾನಾಗಿ ತೆರೆದುಕೊಳ್ಳುವುದಿಲ್ಲ, ನಾನೇ ತೆರೆಯಬೇಕು. ಎಷ್ಟು ಮಂದಿ ಮೆಚ್ಚಿದರು ಎಂದು ಯಾರೂ ಬಂದು ಹೇಳುವುದಿಲ್ಲ. ನಾನು ಹಳದಿ ಮಾಡಿದ ಪುಟವನ್ನು ಯಾರೋ ಒಬ್ಬರು ಹಸಿರು ಮಾಡಿದರೆ ಅದೇ ಮಾತುಕತೆ. ಅವರು ಯಾರು, ಯಾವ ಊರಿನವರು ಎಂಬುದು ಗೊತ್ತಿರುವುದಿಲ್ಲ. ನಾನು ಬಿಟ್ಟುಹೋದ ಅರ್ಧವಿರಾಮವನ್ನು ಸೇರಿಸಿದ್ದಾರೆ ಎಂಬುದಷ್ಟೇ ಗೊತ್ತು.

ಕೈಹಾಕಲು ಮನಸ್ಸಿರುವವರಿಗೆ ಒಂದೆರಡು ಮಾತು. ಹಳದಿ ಪುಟಗಳಿಂದ ಆರಂಭಿಸಿ, ಕೆಂಪು ಪುಟಗಳಿಂದಲ್ಲ. ಇನ್ನೊಬ್ಬರು ಹೇಗೆ ತಿದ್ದಿದ್ದಾರೆ ಎಂದು ನೋಡಿ ಕಲಿಯುವುದು ಸುಲಭ. ಖಾತೆ ತೆರೆಯಲು ನಿಜ ಹೆಸರು ಬೇಕಿಲ್ಲ. ಬೆರಳಚ್ಚಿಗೆ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸವಾಗಲಿ, ಇನ್‌ಸ್ಕ್ರಿಪ್ಟ್ ಆಗಲಿ, ಕೈಗೆ ಒಗ್ಗಿದ್ದನ್ನು ಬಳಸಿ, ಆದರೆ ಅದು ಯೂನಿಕೋಡ್‌ನಲ್ಲಿ ಬರೆಯುವಂತಿರಲಿ. ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ್ದನ್ನು ಅಂಟಿಸಿದರೆ ಬರುವುದು ಕನ್ನಡವಲ್ಲ, ಇಂಗ್ಲಿಷ್ ಅಕ್ಷರಗಳ ರಾಶಿ. ಪುಟದ ತಲೆಯ ಮೇಲಿರುವ ಅಧ್ಯಾಯದ ಹೆಸರು, ಪುಟಸಂಖ್ಯೆಗಳನ್ನು ಪಠ್ಯದೊಳಗೆ ಬಿಡಬೇಡಿ, ಅವುಗಳಿಗೆ ಬೇರೆ ಪೆಟ್ಟಿಗೆ ಇದೆ. ಸಾಲಿನ ಕೊನೆಯಲ್ಲಿ ತುಂಡಾದ ಪದಗಳನ್ನು ಕೂಡಿಸಿ. ಮೊದಲಿಗೆ ಗದ್ಯವನ್ನೇ ಆರಿಸಿಕೊಳ್ಳಿ. ಪದ್ಯ ಸ್ವಲ್ಪ ಕಾಲ ಬೇಡ. ಪಂಚಾಂಗ ಮತ್ತು ಕೋಷ್ಟಕಗಳ ಪುಟ ಎದುರಾದರೆ ಸದ್ದಿಲ್ಲದೆ ಮುಂದಿನ ಪುಟಕ್ಕೆ ಹೋಗಿ. ನಾನು ಇಂದಿಗೂ ಹಾಗೆಯೇ ಮಾಡುತ್ತೇನೆ.