ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮನೆಯಲ್ಲೇ ಮಾಡಿ

ದೀಪಾವಳಿ ಅಮಾವಾಸ್ಯೆ ಮುಗಿದು ಹದಿನೈದು ದಿನಕ್ಕೆ ಗೌರಿ ಹುಣ್ಣಿಮೆ. 2026ರಲ್ಲಿ ಅದು ನವೆಂಬರ್ 24, ಮಂಗಳವಾರ. ಮೈಸೂರು ಕಡೆಯವರಿಗೆ ಗೌರಿ ಹಬ್ಬ ಎಂದರೆ ಗಣೇಶ ಚೌತಿಯ ಹಿಂದಿನ ದಿನ. ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ಕಡೆ ಹೆಣ್ಣುಮಕ್ಕಳು ಸಕ್ಕರೆ ಆರತಿ, ಅಂದರೆ ಸಕ್ಕರೆ ಪಾಕದ ಗೊಂಬೆಗಳನ್ನಿಟ್ಟ ಆರತಿ ತಾಟು, ಹಿಡಿದು ಹಾಡುತ್ತಾ ಹೊರಡುವುದು ಮಾತ್ರ ಕಾರ್ತಿಕದ ಈ ಹುಣ್ಣಿಮೆಗೆ.

ಹುಣ್ಣಿಮೆ ಹತ್ತಿರ ಬಂದಂತೆ ವಾಟ್ಸ್‌ಆ್ಯಪ್‌ನಲ್ಲಿ ಉದ್ದುದ್ದ ಪೂಜಾ ಪಟ್ಟಿಗಳು ಬರುತ್ತವೆ. ಅದನ್ನು ನೋಡಿಯೇ ಎಷ್ಟೋ ಮಂದಿ ‘ನಮ್ಮ ಕೈಲಿ ಆಗೋದಲ್ಲ’ ಅಂತ ಕೈಬಿಡುತ್ತಾರೆ. ನಿಜ ಹೇಳಬೇಕೆಂದರೆ ಈ ಹಬ್ಬದಲ್ಲಿ ಪೂಜೆ ಚಿಕ್ಕದು, ಆರತಿ ದೊಡ್ಡದು. ಪೂಜೆಗೆ ಅರ್ಧ ತಾಸು ಸಾಕು. ಉಳಿದ ಹೊತ್ತನ್ನೆಲ್ಲ ಸಕ್ಕರೆ ಗೊಂಬೆಗೆ ಕೊಡಿ.

ಅಚ್ಚು ಹೊಂದಿಸಿಕೊಳ್ಳಿ

ಗೊಂಬೆಗೆ ಬೇಕಾದದ್ದು ಕಟ್ಟಿಗೆಯ ಅಚ್ಚು. ಎರಡು ಹೋಳು, ಒಳಗೆ ಕೆತ್ತನೆ. ಆನೆ, ಕುದುರೆ, ನವಿಲು, ತೇರು, ಬಸವಣ್ಣ, ಶಿವ–ಪಾರ್ವತಿ ಹೀಗೆ ಹಲವು ಬಗೆ. ಹಳೇ ಮನೆಗಳ ಅಟ್ಟದ ಮೇಲೆ ಒಂದೆರಡಾದರೂ ಇರುತ್ತವೆ. ಅಜ್ಜಿಯನ್ನೋ ಅತ್ತೆಯನ್ನೋ ಕೇಳಿ ನೋಡಿ. ಕೊಳ್ಳುವುದಾದರೆ ಸಾಗವಾನಿಯದನ್ನು ಕೊಳ್ಳಿ, ನೀರಿಗೂ ಬಿಸಿಗೂ ತಡೆಯುತ್ತದೆ. ಅದೂ ಸಿಗದಿದ್ದರೆ ಕೇಕ್ ಸಾಮಾನಿನ ಅಂಗಡಿಯ ಸಿಲಿಕಾನ್ ಅಚ್ಚು ಆದೀತು. ಚಾಕೊಲೇಟ್ ಮಾಡುವ ತೆಳು ಪ್ಲಾಸ್ಟಿಕ್ ಅಚ್ಚು ಬೇಡ. ಕುದಿಯುವ ಪಾಕಕ್ಕೆ ಅದು ಸೊಟ್ಟಗಾಗುತ್ತದೆ.

ಕಟ್ಟಿಗೆ ಅಚ್ಚನ್ನು ಎರಡು ತಾಸು ನೀರಲ್ಲಿ ನೆನೆಹಾಕಿ. ಒಣ ಕಟ್ಟಿಗೆಗೆ ಪಾಕ ಹಿಡಿದುಕೊಂಡರೆ ಗೊಂಬೆಯ ಸೊಂಡಿಲು ಅಚ್ಚಿನಲ್ಲೇ ಉಳಿಯುತ್ತದೆ. ನೆನೆದ ಮೇಲೆ ನೀರು ಕೊಡವಿ, ಬಟ್ಟೆಯಿಂದ ಒರೆಸಿ, ಹೋಳುಗಳನ್ನು ಜೋಡಿಸಿ ದಾರದಿಂದಲೋ ರಬ್ಬರ್ ಬ್ಯಾಂಡಿನಿಂದಲೋ ಬಿಗಿಯಾಗಿ ಕಟ್ಟಿ. ಬುಡದ ಕಡೆಯ ಬಾಯಿ ಮೇಲೆ ಬರುವಂತೆ ತಲೆಕೆಳಗಾಗಿ ನಿಲ್ಲಿಸಿ. ಇದೆಲ್ಲ ಪಾಕಕ್ಕಿಡುವ ಮೊದಲೇ ಆಗಿರಬೇಕು. ಪಾಕ ಬಂದ ಮೇಲೆ ದಾರ ಹುಡುಕುತ್ತಾ ಕೂತರೆ ಕೆಲಸ ಕೆಟ್ಟಿತು.

ಪಾಕ ಹಿಡಿಯುವುದು

ಅರ್ಧ ಕೆಜಿ ಸಕ್ಕರೆಗೆ ಸುಮಾರು 200 ಮಿಲಿ ನೀರು. ಅಂಗೈ ಅಳತೆಯ ನಾಲ್ಕೈದು ಗೊಂಬೆಗೆ ಇಷ್ಟು ಸಾಕು. ದಪ್ಪ ತಳದ ಪಾತ್ರೆಯಲ್ಲಿ ಸಕ್ಕರೆ ಕರಗಿಸಿ, ಕುದಿ ಬಂದಾಗ ಎರಡು ಚಮಚ ಹಾಲು ಹಾಕಿ. ಹಾಲು ಒಡೆದು, ಸಕ್ಕರೆಯಲ್ಲಿದ್ದ ಹೊಲಸನ್ನೆಲ್ಲ ಹಿಡಿದುಕೊಂಡು ನೊರೆಯಾಗಿ ಮೇಲೆ ಬರುತ್ತದೆ. ಸೌಟಿನಿಂದ ತೆಗೆದುಹಾಕಿ, ತೆಳು ಬಟ್ಟೆಯಲ್ಲಿ ಸೋಸಿ. ಗೊಂಬೆ ಹಾಲಿನಂತೆ ಬೆಳ್ಳಗಾಗುವುದು ಇದರಿಂದಲೇ. ಅಂಗಡಿಯವು ಹಳದಿ, ಗುಲಾಬಿ ಬಣ್ಣದಲ್ಲಿ ಬರುತ್ತವೆ, ಮಕ್ಕಳಿಗೆ ಅವೇ ಇಷ್ಟ. ನನಗೆ ಕೇಳಿದರೆ ಬಿಳಿಯೇ ಚೆಂದ. ದೀಪದ ಬೆಳಕು ಬಿದ್ದಾಗ ನೋಡಿ, ಗೊತ್ತಾಗುತ್ತದೆ.

ಸೋಸಿದ ಪಾಕವನ್ನು ಒಟ್ಟಿಗೇ ಒಲೆಗಿಡಬೇಡಿ. ಒಂದೆರಡು ಗೊಂಬೆಗೆ ಆಗುವಷ್ಟನ್ನು ಚಿಕ್ಕ ಪಾತ್ರೆಗೆ ಹಾಕಿಕೊಂಡು ಮತ್ತೆ ಕುದಿಸಿ. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು ನೋಡಿ. ಕರಗದೆ, ಬೆರಳಲ್ಲಿ ಮೆತ್ತನೆಯ ಉಂಡೆಯಾದರೆ ಹದ ಬಂತು. ಥರ್ಮಾಮೀಟರ್ ಇದ್ದವರಿಗೆ 112ರಿಂದ 116 ಡಿಗ್ರಿ ಸೆಲ್ಸಿಯಸ್.

ಇನ್ನು ಮುಖ್ಯ ಕೆಲಸ. ಒಲೆಯಿಂದ ಇಳಿಸಿ, ಸೌಟಿನ ಬೆನ್ನಿನಿಂದ ಪಾಕವನ್ನು ಪಾತ್ರೆಯ ಅಂಚಿಗೆ ತಿಕ್ಕುತ್ತಾ ತಿರುವಿ. ಮೊದಲು ಗಾಜಿನಂತೆ ತಿಳಿಯಾಗಿದ್ದದ್ದು ಸ್ವಲ್ಪ ಹೊತ್ತಿಗೆ ಮಸುಕಾಗುತ್ತದೆ, ಅಂಚಿನಲ್ಲಿ ಸಣ್ಣ ಹರಳು ಕಟ್ಟುತ್ತದೆ. ತಡಮಾಡದೆ ಆಗಲೇ ಅಚ್ಚಿಗೆ ಹೊಯ್ಯಿರಿ. ತಿರುವದೆ ಹೊಯ್ದರೆ ಅಂಟಂಟಾಗಿ ಕೂರುತ್ತದೆ, ಜಾಸ್ತಿ ತಿರುವಿದರೆ ಪಾತ್ರೆಯಲ್ಲೇ ಗಟ್ಟಿ. ಗಟ್ಟಿಯಾದರೂ ಹೆದರಬೇಡಿ. ಸ್ವಲ್ಪ ನೀರು ಹಾಕಿ ಮತ್ತೆ ಕರಗಿಸಿ, ಹದಕ್ಕೆ ತಂದರಾಯಿತು. ಕೆಲವರು ನಿಂಬೆರಸ ಹಿಂಡುತ್ತಾರೆ. ಎರಡು ಹನಿ ಮೀರಬಾರದು. ಹುಳಿ ಹೆಚ್ಚಾದರೆ ಸಕ್ಕರೆ ಹರಳುಗಟ್ಟುವುದೇ ಇಲ್ಲ.

ಹತ್ತು–ಹದಿನೈದು ನಿಮಿಷ ಬಿಟ್ಟು ದಾರ ಬಿಚ್ಚಿ, ಅಚ್ಚನ್ನು ಮೆಲ್ಲಗೆ ತಟ್ಟಿ, ಹೋಳುಗಳನ್ನು ಎರಡೂ ಕಡೆ ಎಳೆಯಿರಿ. ಬಿಸಿ ಪಾಕ ಕೈಗೆ ಬಿದ್ದರೆ ಅಂಟಿಕೊಂಡೇ ಸುಡುತ್ತದೆ. ಹಾಗಾಗಿ ಮಕ್ಕಳನ್ನು ಈ ಹಂತದಲ್ಲಷ್ಟೇ ಕರೆಯಿರಿ. ಅಚ್ಚು ಬಿಚ್ಚುವ ಖುಷಿ ಅವರದೇ ಇರಲಿ.

ಹುಣ್ಣಿಮೆಗೆ ಎರಡು ದಿನ ಮುಂಚೆ ಮಾಡಿಟ್ಟರೆ ಅವಸರ ಇರುವುದಿಲ್ಲ. ಮಳೆ ಮೋಡ ಇದ್ದರೆ ಗೊಂಬೆ ಬೆವರುತ್ತದೆ, ಮುಚ್ಚಳ ಬಿಗಿ ಇರುವ ಡಬ್ಬಿಯಲ್ಲಿಡಿ. ಇಷ್ಟೆಲ್ಲ ಆಗದವರು ಹುಬ್ಬಳ್ಳಿಯ ದುರ್ಗದಬೈಲ್‌ಗೋ ಜನತಾ ಬಜಾರ್‌ಗೋ ಒಂದು ಸುತ್ತು ಹಾಕಿ ಗೊಂಬೆ ಕೊಂಡು ಬನ್ನಿ. ತಪ್ಪೇನಿಲ್ಲ.

ಗೌರಿ ಕೂಡಿಸುವುದು

ಕೆಲವು ಊರುಗಳಲ್ಲಿ ಹುಣ್ಣಿಮೆಗೆ ಮುಂಚೆಯೇ ಗುಡಿಯಲ್ಲೋ ಹಿರಿಯರ ಮನೆಯಲ್ಲೋ ಗೌರಿ ಕೂಡಿಸಿ, ದಿನಾ ಸಂಜೆ ಆರತಿ ಒಯ್ಯುತ್ತಾರೆ. ಮನೆ ಮಟ್ಟಿಗೆ ಒಂದೇ ದಿನ ಸಾಕು. ಮಣೆಯ ಮುಂದೆ ರಂಗೋಲಿ, ಮಣೆ ಮೇಲೆ ಹಿಡಿ ಅಕ್ಕಿ, ಅದರ ಮೇಲೆ ಮಣ್ಣಿನ ಗೌರಿ. ಮಣ್ಣಿನದು ಇಲ್ಲದಿದ್ದರೆ ತುಂಬಿದ ಕಲಶ, ಅದೂ ಇಲ್ಲದಿದ್ದರೆ ಅರಿಷಿಣ ಕಲಸಿ ಮಾಡಿದ ಪುಟ್ಟ ಗೌರಿ. ಅರಿಷಿಣ–ಕುಂಕುಮ, ಸೇವಂತಿ, ಚೆಂಡು ಹೂವು ಏರಿಸಿ ದೀಪ ಹಚ್ಚಿ.

ಆಮೇಲೆ ಉಡಿ ತುಂಬಿ. ಇದನ್ನು ಬಿಡಬೇಡಿ, ನಮ್ಮ ಕಡೆಯ ಪೂಜೆಯ ಜೀವ ಇದರಲ್ಲಿದೆ. ಒಂದು ಖಣದಲ್ಲಿ (ರವಿಕೆ ಬಟ್ಟೆಯಲ್ಲಿ) ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಷಿಣ ಕೊಂಬು, ವೀಳ್ಯದೆಲೆ ಇಟ್ಟು ಗೌರಿಯ ಮುಂದಿಡಿ. ನೈವೇದ್ಯಕ್ಕೆ ಹೋಳಿಗೆ ಮಾಡಿದರೆ ಒಳ್ಳೆಯದು. ಕೆಲಸಕ್ಕೆ ಹೋಗಿ ಬಂದವರಿಗೆ ಬಾಳೆಹಣ್ಣು, ಸಕ್ಕರೆ ನಡೆಯುತ್ತದೆ. ಮಂತ್ರ ಬಾರದವರು ಬಾಯಿಗೆ ಬಂದ ಹಾಡು ಹೇಳಿದರಾಯಿತು. ಈ ಹಬ್ಬದ ಹೆಣ್ಣುಮಕ್ಕಳು ಹಾಡಿಕೊಂಡೇ ಬಂದವರು.

ಸಂಜೆ ಆರತಿ

ಹುಣ್ಣಿಮೆ ದಿನ ಸೂರ್ಯ ಮುಳುಗುವ ಹೊತ್ತಿಗೇ ಮೂಡಲಲ್ಲಿ ಚಂದ್ರ ಬಂದಿರುತ್ತಾನೆ. ನವೆಂಬರ್‌ನಲ್ಲಿ ಅದು ಆರರ ಸುಮಾರು. ಅಷ್ಟೊತ್ತಿಗೆ ತಾಟು ಸಿದ್ಧ ಇರಲಿ: ಮಧ್ಯಕ್ಕೆ ಗೊಂಬೆಗಳು, ಅಂಚಿಗೆ ಎರಡು ಹಣತೆ, ಸುತ್ತ ಹೂವು. ಹಣತೆಯನ್ನು ಗೊಂಬೆಗೆ ತೀರ ಹತ್ತಿರ ಇಡಬೇಡಿ, ಕರಗುತ್ತದೆ. ರೇಷ್ಮೆ ಲಂಗ ಉಟ್ಟ ಪುಟ್ಟ ಮಕ್ಕಳ ಕೈಗೆ ಉರಿಯುವ ದೀಪ ಕೊಡುವುದೂ ಬೇಡ, ಗೊಂಬೆಯ ತಾಟು ಸಾಕು.

ಮನೆಯ ಗೌರಿಗೆ ಬೆಳಗಿ, ಆಮೇಲೆ ಓಣಿಯ ಗುಡಿಗೆ ಒಯ್ಯಿರಿ. ಅಪಾರ್ಟ್‌ಮೆಂಟ್‌ನವರು ಟೆರೇಸ್ ಮೇಲೆ ಒಂದೇ ಗೌರಿ ಇಟ್ಟು ಎಲ್ಲ ಮನೆಯ ತಾಟು ಸೇರಿಸಬಹುದು. ಕೋಲಾಟಕ್ಕೂ ಅಲ್ಲಿ ಜಾಗ ಇರುತ್ತದೆ. ಗಂಡುಹುಡುಗರು ಸುಮ್ನೆ ನೋಡುತ್ತಾ ನಿಲ್ಲುವುದೇಕೆ? ಅವರ ಕೈಗೂ ಕೋಲು ಕೊಡಿ. ಮಗಳ ಮದುವೆ ನಿಶ್ಚಯ ಆಗಿದ್ದರೆ ಆವತ್ತು ಬೀಗರು ಸೀರೆ, ಹೂವು, ಸಕ್ಕರೆ ಆರತಿ ತರುತ್ತಾರೆ. ಅಡುಗೆ ಸ್ವಲ್ಪ ಜಾಸ್ತಿಯೇ ಇರಲಿ.

ಮರುದಿನ

ಮಣ್ಣಿನ ಗೌರಿಯನ್ನು ಕೆರೆಗೆ ಒಯ್ಯಬೇಕೆಂದಿಲ್ಲ. ಬಕೆಟ್ ನೀರಲ್ಲಿ ಕರಗಿಸಿ ತುಳಸಿ ಬುಡಕ್ಕೋ ಗಿಡಕ್ಕೋ ಹಾಕಿ. ಉಡಿಯ ಅಕ್ಕಿಯನ್ನು ಅಡುಗೆಗೆ ಬಳಸಿ. ಗೊಂಬೆ ಒಡೆದು ನೆರೆಮನೆಯ ಮಕ್ಕಳಿಗೆಲ್ಲ ಹಂಚಿ. ಆನೆ ತಲೆ ಯಾರಿಗೆ ಅಂತ ಜಗಳ ಆಗೇ ಆಗುತ್ತದೆ. ಒಡೆಯಲು ಮನಸ್ಸಾಗದ ಒಂದೆರಡನ್ನು ತಟ್ಟೆಯಲ್ಲಿಟ್ಟು, ಆ ತಟ್ಟೆಯನ್ನು ನೀರು ತುಂಬಿದ ಪರಾತದಲ್ಲಿ ಒಂದು ಬಟ್ಟಲ ಮೇಲೆ ಕೂಡಿಸಿ. ಇರುವೆ ಹತ್ತುವುದಿಲ್ಲ. ಉಳಿದ ಚೂರು ಚಹಾಕ್ಕೆ ಆಗುತ್ತದೆ.