ಎರಡು ವಾರಕ್ಕೊಂದು ಸೂಜಿ: ನನ್ನ ಅನುಭವ

"ಅಣ್ಣಾ, ನೀವು ನ್ಯಾಚುರಲ್ಲಾ?" ಅಂತ, ಅಂದರೆ ಔಷಧಿ ಇಲ್ಲದೆ ಬೆಳೆಸಿದ ಮೈಯಾ ಅಂತ, ಜಿಮ್‌ನಲ್ಲಿ ಯಾರಾದ್ರೂ ಕೇಳಿದರೆ ನಾನೀಗ ಸೀದಾ "ಅಲ್ಲ" ಅನ್ನುತ್ತೇನೆ. ಡಾಕ್ಟರ್ ಬರೆದುಕೊಟ್ಟ ಟೆಸ್ಟೋಸ್ಟೆರಾನ್, ಅಂದರೆ ಗಂಡಸರ ಹಾರ್ಮೋನು, ಚುಚ್ಚಿಕೊಳ್ಳುತ್ತೇನೆ. ಮೊದಲು ಹೇಳೋಕೆ ನಾಚಿಕೆ ಆಗ್ತಿತ್ತು.

ಶುರುವಾಗಿದ್ದು ಇಪ್ಪತ್ತಾರನೇ ವಯಸ್ಸಿನ ದಡ್ಡತನದಿಂದ. ದಾವಣಗೆರೆಯಲ್ಲಿ ಒಂದು ಬಾಡಿಬಿಲ್ಡಿಂಗ್ ಸ್ಪರ್ಧೆ ಇತ್ತು. ಟ್ರೈನರ್ ಒಬ್ಬರು ಪೇಪರಿನಲ್ಲಿ ಸುತ್ತಿದ ಆಂಪೂಲ್ (ಇಂಜೆಕ್ಷನ್ ಔಷಧಿಯ ಪುಟ್ಟ ಗಾಜಿನ ಸೀಸೆ) ತಂದುಕೊಟ್ಟರು, ನಾನು ಏನು ಎತ್ತ ಅಂತ ಕೇಳದೆ ಹತ್ತು ವಾರ ಚುಚ್ಚಿಸಿಕೊಂಡೆ. ಒಂಬತ್ತು ಕೆಜಿ ಏರಿತು, ಅದರಲ್ಲಿ ಅರ್ಧ ಮೈಯಲ್ಲಿ ನಿಂತ ನೀರು. ಸ್ಪರ್ಧೆಯಲ್ಲಿ ಐದನೇ ಸ್ಥಾನ, ಅಷ್ಟೇ. ಆಮೇಲೆ ಇನ್ನೆರಡು ಸೈಕಲ್, ಅಂದರೆ ಹೀಗೇ ಕೆಲವು ವಾರಗಳ ಸೂಜಿ ಸರಣಿ. ಹೊರಗಿಂದ ಟೆಸ್ಟೋಸ್ಟೆರಾನ್ ಬರ್ತಿದೆ ಅಂದರೆ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಅನ್ನೋ ಹಾರ್ಮೋನುಗಳನ್ನು ಕಳಿಸುವುದನ್ನು ನಿಲ್ಲಿಸುತ್ತದೆ. ಟೆಸ್ಟೋಸ್ಟೆರಾನ್, ವೀರ್ಯಾಣು ತಯಾರಿಸು ಅಂತ ವೃಷಣಗಳಿಗೆ ಹೇಳುವುದು ಅವೇ, ಅವಿಲ್ಲದಿದ್ದರೆ ವೃಷಣಗಳು ಕೆಲಸವಿಲ್ಲದೆ ಕೂರುತ್ತವೆ. ಸೂಜಿ ಬಿಟ್ಟ ಮೇಲೆ ಬಹಳ ಜನಕ್ಕೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ನನಗೆ ಹೋಗಲಿಲ್ಲ.

ಮೂವತ್ತನಾಲ್ಕಕ್ಕೆ ಬರುವ ಹೊತ್ತಿಗೆ ಮಧ್ಯಾಹ್ನವಾದರೆ ಅಂಗಡಿ ಗಲ್ಲಾ ಮೇಲೇ ತಲೆ ಇಟ್ಟು ನಿದ್ದೆ. ಹೆಂಡತಿ ಜೊತೆ ಸುಮ್ನೆ ಸಿಡುಕು, ಹಾಸಿಗೆಯಲ್ಲಿ ಆಸಕ್ತಿಯೇ ಇಲ್ಲ. ಹೆಗಲ ಮೇಲೆ ನೂರು ಕೆಜಿ ಭಾರ ಹೊತ್ತು ಸ್ಕ್ವಾಟ್ (ಬಸ್ಕಿ) ಹೊಡೆಯುತ್ತಿದ್ದವನಿಗೆ ಎಪ್ಪತ್ತು ಕೆಜಿ ಬೆಟ್ಟ. ವ್ಯಾಪಾರದ ಟೆನ್ಷನ್ ಅಂದುಕೊಂಡು ಒಂದು ವರ್ಷ ತಳ್ಳಿದೆ.

ಕೊನೆಗೆ ಹೋದೆ. ಎಂಡೋಕ್ರೈನ್ (ಹಾರ್ಮೋನು) ಡಾಕ್ಟರ್ ಮೊದಲು ಹೇಳಿದ್ದು: ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ ಎರಡು ಸಲ ರಕ್ತ ಕೊಡಬೇಕು. ಟೆಸ್ಟೋಸ್ಟೆರಾನ್ ಬೆಳಿಗ್ಗೆ ಜಾಸ್ತಿ, ಸಂಜೆ ಕಮ್ಮಿ, ಹಾಗಾಗಿ ಸಂಜೆ ಕೊಟ್ಟ ರಿಪೋರ್ಟಿಗೆ ಬೆಲೆ ಇಲ್ಲ. ಸಾಮಾನ್ಯವಾಗಿ ಡೆಸಿಲೀಟರ್ ರಕ್ತಕ್ಕೆ 300 ನ್ಯಾನೋಗ್ರಾಂಗಿಂತ ಮೇಲಿರಬೇಕು, ನನ್ನದು 178, ಇನ್ನೊಮ್ಮೆ 192. ಎಲ್‌ಎಚ್ ಕೂಡ ನೆಲ ಕಚ್ಚಿತ್ತು. "ಹಿಂದೆ ಏನಾದ್ರೂ ತಗೊಂಡಿದ್ರಾ?" ಅಂತ ಕೇಳಿದರು. ಇಲ್ಲ ಅಂದೆ. ಪಾಪ, ಅವರು ಪ್ರೊಲ್ಯಾಕ್ಟಿನ್ ಅನ್ನೋ ಇನ್ನೊಂದು ಹಾರ್ಮೋನಿನ ಟೆಸ್ಟ್, ಪಿಟ್ಯುಟರಿ ಎಂಆರ್‌ಐ ಎಲ್ಲ ಮಾಡಿಸಿದರು. ಎಲ್ಲ ನಾರ್ಮಲ್. ಆ ಸ್ಕ್ಯಾನಿಂಗ್ ಬಿಲ್ ನೋಡಿದ ಮೇಲೆ ನಿಜ ಬಾಯಿಬಿಟ್ಟೆ.

ಅವರ ಮುಂದಿನ ಪ್ರಶ್ನೆಗೆ ನಾನು ರೆಡಿ ಇರಲಿಲ್ಲ: "ಇನ್ನೊಂದು ಮಗು ಬೇಕಾ?" ಬೇಕಿತ್ತು. ಹಾಗಾದರೆ ಈಗ ಟೆಸ್ಟೋಸ್ಟೆರಾನ್ ಇಲ್ಲ ಅಂದರು. ಗಂಡಸುತನದ ಹಾರ್ಮೋನು ತಗೊಂಡರೆ ವೀರ್ಯಾಣು ಜಾಸ್ತಿಯಾಗುತ್ತದೆ ಅಂತ ನಾನು ನಂಬಿದ್ದೆ, ಆಗುವುದು ತದ್ವಿರುದ್ಧ, ಸೊನ್ನೆಗೂ ಇಳಿಯಬಹುದು. ಮೊದಲು ಎಚ್‌ಸಿಜಿ ಇಂಜೆಕ್ಷನ್ ಕೊಟ್ಟರು, ಅದು ಎಲ್‌ಎಚ್ ಮಾಡುವ ಕೆಲಸ ಮಾಡುತ್ತದೆ. ಮಗಳು ಹುಟ್ಟಿದ ಮೇಲೆ ಅದನ್ನು ನಿಲ್ಲಿಸಿ ನೋಡಿದರೆ ನಂಬರ್ ಮತ್ತೆ ಕುಸಿಯಿತು. ಟಿಆರ್‌ಟಿ, ಅಂದರೆ ಕಮ್ಮಿಯಾದ ಟೆಸ್ಟೋಸ್ಟೆರಾನನ್ನು ಹೊರಗಿಂದ ತುಂಬುವ ಚಿಕಿತ್ಸೆ, ಶುರುವಾಗಿದ್ದು ಆಗ.

250 ಮಿಗ್ರಾಂ ಟೆಸ್ಟೋಸ್ಟೆರಾನ್ ಎನಾಂಥೇಟ್ (ಮೈಯಲ್ಲಿ ನಿಧಾನಕ್ಕೆ ಬಿಡುಗಡೆಯಾಗುವ ಬಗೆ), ಮೊದಲು ಮೂರು ವಾರಕ್ಕೊಮ್ಮೆ. ಮೊದಲ ವಾರ ಹುಲಿ, ಮೂರನೇ ವಾರ ನೆನೆದ ಗೋಣಿಚೀಲ. ಎರಡು ವಾರಕ್ಕೊಮ್ಮೆ ಮಾಡಿಸಿದ ಮೇಲೆ ಆ ಏರಿಳಿತ ಕಮ್ಮಿಯಾಯಿತು. ಈಗ ನಾನೇ ತೊಡೆಗೆ ಹಾಕಿಕೊಳ್ಳುತ್ತೇನೆ. ಆಂಪೂಲನ್ನು ಸ್ವಲ್ಪ ಹೊತ್ತು ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡಬೇಕು, ಇಲ್ಲಾಂದ್ರೆ ಔಷಧಿ ಕರಗಿರುವ ಎಣ್ಣೆ ಸೂಜಿಯಲ್ಲಿ ಸಲೀಸಾಗಿ ಏರುವುದಿಲ್ಲ. ನನ್ನ ಆಂಪೂಲಿನಲ್ಲಿರುವುದು ಹರಳೆಣ್ಣೆ! ಅಜ್ಜಿ ರಜೆಯಲ್ಲಿ ಮೂಗು ಹಿಡಿದು ಕುಡಿಸುತ್ತಿದ್ದ ಎಣ್ಣೆ ಈಗ ತೊಡೆಯಿಂದ ಒಳಗೆ ಹೋಗುತ್ತಿದೆ. ಮಾರನೇ ದಿನ ಆ ಜಾಗ ಗಟ್ಟಿಯಾಗಿ ನೋಯುತ್ತದೆ, ಹಾಗಾಗಿ ಸೂಜಿ ಮತ್ತು ಲೆಗ್ ಡೇ (ಕಾಲಿನ ವ್ಯಾಯಾಮದ ದಿನ) ಒಟ್ಟಿಗೆ ಇಟ್ಟುಕೊಳ್ಳುವುದಿಲ್ಲ.

ಬಾಡಿ ಏನಾಯ್ತು ಅಂತ ತಾನೇ ನಿಮ್ಮ ಪ್ರಶ್ನೆ? ಒಂದು ವರ್ಷದಲ್ಲಿ ತೂಕ 84ರಲ್ಲೇ ಇತ್ತು, ಸೊಂಟ ಮೂರು ಇಂಚು ಇಳಿಯಿತು, ಸ್ಕ್ವಾಟ್ 120ಕ್ಕೆ ಬಂತು. ಅದೂ ದಿನಾ ಮೊಟ್ಟೆ, ಕೋಳಿ, ರಾಗಿ ಮುದ್ದೆ ಲೆಕ್ಕ ಹಾಕಿ ತಿಂದು, ವಾರಕ್ಕೆ ನಾಲ್ಕು ದಿನ ಭಾರ ಎತ್ತಿದ್ದಕ್ಕೆ. ಸೈಕಲ್‌ನಲ್ಲಿ ಬಂದಂಥ ಊದು ಬರಲಿಲ್ಲ, ಬರಬಾರದು ಕೂಡ, ಇದು ಖಾಲಿಯಾಗಿದ್ದನ್ನು ತುಂಬುವ ಔಷಧಿ.

ಆರನೇ ತಿಂಗಳಲ್ಲಿ ಒಂದು ಭಯ ಕಾದಿತ್ತು. ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) 46 ಇದ್ದದ್ದು 53 ಆಗಿತ್ತು, ಅಂದರೆ ರಕ್ತ ದಪ್ಪಗಾಗುತ್ತಿತ್ತು. 54 ದಾಟಿದರೆ ಔಷಧಿ ನಿಲ್ಲಿಸಬೇಕು ಅಂದರು. ಡೋಸ್ ಇಳಿಸಿದರು, ಗೊರಕೆ ಹೊಡೆಯುತ್ತೀರಾ ಅಂತಲೂ ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಹೆಂಡತಿ "ಬೀದಿಗೇ ಕೇಳುತ್ತೆ ಡಾಕ್ಟ್ರೇ" ಅಂದಳು. ಟೆಸ್ಟ್ ಮಾಡಿಸಿದರೆ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆ. ಅದೂ ಹೆಮಟೋಕ್ರಿಟ್ ಏರಿಸುತ್ತದಂತೆ. ಈಗ ರಾತ್ರಿ ಪೈಪಿನಿಂದ ಗಾಳಿ ಒತ್ತಿ ಕೊಡುವ ಸಿಪ್ಯಾಪ್ ಮಾಸ್ಕ್ ಹಾಕಿ ಮಲಗುತ್ತೇನೆ, ಮಗಳು ಆನೆ ಅಂತ ನಗುತ್ತಾಳೆ. ಮೊನ್ನೆಯ ರಿಪೋರ್ಟಿನಲ್ಲಿ 49.

ಡ್ರಗ್ ಟೆಸ್ಟ್ ಇರುವ ಸ್ಪರ್ಧೆಗಳಲ್ಲಿ ಟೆಸ್ಟೋಸ್ಟೆರಾನ್ ನಿಷೇಧ, ಡಾಕ್ಟರ್ ಚೀಟಿ ಒಂದೇ ಸಾಲದು. ಹಾಗಾಗಿ ಸ್ಟೇಜಿನ ಆಸೆ ಬಿಟ್ಟಿದ್ದೇನೆ. ಅದು ಸ್ವಲ್ಪ ನೋವೇ, ಸುಳ್ಳು ಹೇಳಲ್ಲ.

ಹೋದ ತಿಂಗಳು ಜಿಮ್‌ನಲ್ಲಿ ಇಪ್ಪತ್ತೆರಡರ ಹುಡುಗನೊಬ್ಬ ಹಿಂದೆ ಬಿದ್ದ, "ಅಣ್ಣಾ, ಆ ಇಂಜೆಕ್ಷನ್ ಹೆಸರು ಹೇಳಿ". ಮೊದಲು ಬೆಳಿಗ್ಗೆ ರಕ್ತ ಟೆಸ್ಟ್ ಮಾಡಿಸಿಕೊಂಡು ಬಾ ಅಂದೆ. ನಿಜವಾಗ್ಲೂ ಮಾಡಿಸಿಕೊಂಡು ಬಂದ: 612. "ಸೂಜಿ ಹಾಕ್ಕೊಂಡ ನನಗೇ ಅಷ್ಟಿಲ್ಲ ಕಣೋ" ಅಂದೆ. ಮುಖ ಸಪ್ಪೆ ಮಾಡಿಕೊಂಡು ಸ್ಕ್ವಾಟ್ ರ‍್ಯಾಕ್ ಕಡೆ ಹೋದ.