ಕೆಲಸದಲ್ಲಿ ಪೆಟ್ಟಾಯಿತೇ? ವಕೀಲರ ಫೀಸು ನಿಮ್ಮ ತಲೆನೋವಲ್ಲ

ಪವರ್ ಪ್ರೆಸ್‌ಗೆ ಹೆಬ್ಬೆರಳು ಸಿಕ್ಕಿಸಿಕೊಂಡವನನ್ನು ಆಸ್ಪತ್ರೆಗೆ ಕರೆತರುವುದು ಸಾಮಾನ್ಯವಾಗಿ ಮೇಸ್ತ್ರಿಯೇ. ಹೇಗಾಯಿತು ಎಂದು ಡಾಕ್ಟರು ಕೇಳಿದರೆ ಉತ್ತರ ಕೊಡುವವನೂ ಅವನೇ: ‘ಮನೆಯಲ್ಲಿ ಬಿದ್ದುಬಿಟ್ಟ, ಸಾರ್.’ ಮುಂದೆ ನಡೆಯಬೇಕಾದ ಪ್ರಕರಣ ಅರ್ಧ ಸೋಲುವುದು ಈ ಒಂದು ಮಾತಿನಿಂದ. ಹಾಗಾಗಿ ಮೊದಲ ಹೆಜ್ಜೆ ಇಡಬೇಕಾದದ್ದು ಆಸ್ಪತ್ರೆಯಲ್ಲಿ, ಕೋರ್ಟಿನಲ್ಲಲ್ಲ. ಯಾವ ಯಂತ್ರ, ಯಾವ ಶೆಡ್ಡು, ಎಷ್ಟು ಗಂಟೆ ಎಂಬುದನ್ನು ಗಾಯಾಳುವೋ ಮನೆಯವರೋ ಹೇಳಿ ಎಂಎಲ್‌ಸಿ (ಕಾನೂನಿನ ವಿಚಾರಣೆಗೆ ಬರಬಹುದಾದ ಗಾಯಗಳ ಬಗ್ಗೆ ಆಸ್ಪತ್ರೆ ಬರೆದಿಡುವ) ದಾಖಲೆಯಲ್ಲಿ ಬರೆಸಬೇಕು. ಡಿಸ್ಚಾರ್ಜ್ ಚೀಟಿಯಲ್ಲೂ ಅದೇ ಇದೆಯೇ ಎಂದು ಯಾರಿಂದಲಾದರೂ ಓದಿಸಿ.

ವಾರ ಕಳೆಯುವುದರೊಳಗೆ ಮಾಲೀಕನ ಕಡೆಯಿಂದ ಒಂದು ಕವರ್ ಬರುತ್ತದೆ. ಒಳಗೆ ಇಪ್ಪತ್ತೋ ಮೂವತ್ತೋ ಸಾವಿರ, ಜೊತೆಗೆ ‘ಪೂರ್ಣ ಪರಿಹಾರ ಪಡೆದಿದ್ದೇನೆ’ ಎಂಬ ಹಾಳೆ. ಸಹಿ ಹಾಕಬೇಡಿ. ಹಾಕಿದ್ದರೂ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಇಂಥ ಒಪ್ಪಂದಕ್ಕೆ 1923ರ ನೌಕರರ ಪರಿಹಾರ ಕಾಯ್ದೆಯ 17ನೇ ಕಲಮು ಬೆಲೆಯನ್ನೇ ಕೊಡುವುದಿಲ್ಲ.

ಆ ಕವರ್ ಎಷ್ಟು ತೆಳುವಾದದ್ದು ಎಂದು ತಿಳಿಯಲು ಲೆಕ್ಕ ಹಾಕಿ ನೋಡೋಣ. ಮೂವತ್ತು ವರ್ಷದ ಒಬ್ಬ ಕಾರ್ಮಿಕನಿಗೆ ತಿಂಗಳಿಗೆ 15,000 ರೂಪಾಯಿ ಕೂಲಿ. 2024ರಲ್ಲಿ ಹೆಬ್ಬೆರಳು ಹೋಯಿತು ಎನ್ನಿ. ಕೂಲಿಯ ಶೇ 60, ಅಂದರೆ 9,000. ಅದನ್ನು ಆ ವಯಸ್ಸಿಗೆ ಕಾಯ್ದೆ ನಿಗದಿಪಡಿಸಿದ 207.98ರಿಂದ ಗುಣಿಸಬೇಕು. ಹೆಬ್ಬೆರಳಿಗೆ ಗಳಿಕೆಯ ನಷ್ಟ ಶೇ 30. ಎಲ್ಲ ಸೇರಿ ಬರುವುದು 5,61,546 ರೂಪಾಯಿ. ತಿಂಗಳೊಳಗೆ ಕೊಡದಿದ್ದರೆ ಶೇ 12ರ ಬಡ್ಡಿ ಬೇರೆ.

ಇಲ್ಲೊಂದು ತಡೆ ಇದೆ. ಸಂಬಳದ ಚೀಟಿಯಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಿದ್ದರೆ ಈ ದಾರಿ ನಿಮ್ಮದಲ್ಲ. ಅಂಗವೈಕಲ್ಯದ ಸೌಲಭ್ಯವನ್ನು ಇಎಸ್‌ಐ ನಿಗಮದಿಂದಲೇ ಕೇಳಬೇಕು. ಮೊದಲು ಅದನ್ನು ನೋಡಿಕೊಳ್ಳಿ.

ಇನ್ನು ಫೀಸಿನ ಮಾತು. ‘ಬಂದ ದುಡ್ಡಿನಲ್ಲಿ ಇಷ್ಟು ಪಾಲು ಕೊಡಿ’ ಎನ್ನುವ ವಕೀಲರು ಆಸ್ಪತ್ರೆಯ ಗೇಟಿನಲ್ಲೇ ಸಿಗಬಹುದು. ಹಾಗೆ ಪಾಲು ಗೊತ್ತುಮಾಡಿಕೊಳ್ಳುವುದು ಬಾರ್ ಕೌನ್ಸಿಲ್ ನಿಯಮಗಳಿಗೇ ವಿರುದ್ಧ. ಅದರ ಅಗತ್ಯವೂ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಉಚಿತ ನೆರವಿಗೆ ಅರ್ಹರಾದವರ ಪಟ್ಟಿಯಿದೆ. ಅದರಲ್ಲಿ ‘ಕೈಗಾರಿಕಾ ಕಾರ್ಮಿಕ’ ಎಂಬುದೇ ಪ್ರತ್ಯೇಕ ವರ್ಗ. ಆದಾಯದ ಮಿತಿ ಅದಕ್ಕೆ ಅನ್ವಯಿಸುವುದಿಲ್ಲ. ಬಹಳ ಜನ ಇದನ್ನು ತಿಳಿಯದೆ ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಅಲೆದು ತಿಂಗಳು ಕಳೆಯುತ್ತಾರೆ. ‘ನೀವು ಗಾರೆ ಕೆಲಸದವರು, ಕಾರ್ಖಾನೆಯವರಲ್ಲ’ ಎಂದು ಯಾರಾದರೂ ತಕರಾರು ತೆಗೆದರೆ ಪಟ್ಟಿಯಲ್ಲಿ ಬೇರೆ ಬಾಗಿಲುಗಳೂ ಇವೆ: ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು. ಕಾರ್ಮಿಕನನ್ನು ಅಂಗವಿಕಲನಾಗಿಸಿದ ಗಾಯವೇ ಅವನಿಗೆ ಅರ್ಹತೆಯಾಗುತ್ತದೆ ಎಂಬುದು ವಿಷಾದದ ಸಂಗತಿ, ಆದರೆ ಉಪಯೋಗಕ್ಕೆ ಬರುವ ಸಂಗತಿ.

ಉಚಿತ ನೆರವಿನ ಅರ್ಜಿಗೆ ದೊಡ್ಡ ಸಿದ್ಧತೆ ಬೇಡ. ತಾಲ್ಲೂಕಿನ ಅಥವಾ ಜಿಲ್ಲೆಯ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಅಥವಾ ಪ್ರಾಧಿಕಾರದ ಕಚೇರಿ ಇರುತ್ತದೆ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ 15100ಕ್ಕೆ ಕರೆ ಮಾಡಿ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಅಲ್ಲಿಯವರೇ ಬರೆದುಕೊಳ್ಳಬೇಕು. ಆಧಾರ್, ಆಸ್ಪತ್ರೆಯ ಕಾಗದ, ಕೆಲಸದ ಪುರಾವೆ ಒಯ್ಯಿರಿ. ಪುರಾವೆಯೆಂದರೆ ನೇಮಕಾತಿ ಪತ್ರವೇ ಆಗಬೇಕೆಂದಿಲ್ಲ. ಮೇಸ್ತ್ರಿ ಫೋನ್‌ಪೇಯಲ್ಲಿ ಹಾಕಿದ ಬಟವಾಡೆ, ಹಾಜರಿಗಾಗಿ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಫೋಟೊ, ಜೊತೆಗಿದ್ದ ಇಬ್ಬರ ಹೆಸರು, ಎಲ್ಲವೂ ನಡೆಯುತ್ತದೆ. ನೆರವು ಮಂಜೂರಾದರೆ ವಕೀಲರ ಫೀಸಷ್ಟೇ ಅಲ್ಲ, ಕೋರ್ಟ್ ಶುಲ್ಕ, ಸಾಕ್ಷಿಗಳ ಖರ್ಚು, ಕಾಗದಪತ್ರ ತಯಾರಿಯ ವೆಚ್ಚವೂ ಅದರೊಳಗೇ ಬರುತ್ತದೆ.

ಪರಿಹಾರದ ಅರ್ಜಿಯನ್ನು ಎಲ್ಲಿ ಹಾಕಬೇಕು ಎಂಬುದರಲ್ಲಿ ಊರು ಬಿಟ್ಟು ಬಂದವರಿಗೆ ಒಂದು ಅನುಕೂಲವಿದೆ. ಪೆಟ್ಟಾದದ್ದು ಬೆಂಗಳೂರಿನ ಪೀಣ್ಯದಲ್ಲಾದರೂ ಗಾಯಾಳು ವಾಸವಿರುವುದು ರಾಯಚೂರಿನಲ್ಲಾದರೆ ಅಲ್ಲೇ ಅರ್ಜಿ ಹಾಕಬಹುದು. ಗುತ್ತಿಗೆದಾರನ ಕೈಕೆಳಗೆ ದುಡಿಯುತ್ತಿದ್ದವರು ಅವನ ಜೊತೆಗೆ ಮುಖ್ಯ ಮಾಲೀಕನನ್ನೂ ಪ್ರತಿವಾದಿ ಮಾಡಲು ವಕೀಲರಿಗೆ ಹೇಳಬೇಕು. ಗುತ್ತಿಗೆದಾರ ಫೋನ್ ಸ್ವಿಚ್ ಆಫ್ ಮಾಡಿಕೊಂಡು ಊರು ಬಿಟ್ಟರೂ ಕಾರ್ಖಾನೆ ಅಲ್ಲೇ ಇರುತ್ತದೆಯಲ್ಲ! ಪರಿಹಾರದ ಅರ್ಜಿಗೆ ಗಡುವು ಎರಡು ವರ್ಷ. ರಾಜಿಯ ಮಾತುಕತೆ ನಡೆಯುತ್ತಿದೆ ಎಂದು ಗಡುವು ಯಾರಿಗೂ ಕಾಯುವುದಿಲ್ಲ.

ಅಪಘಾತದ ದಿನಾಂಕವನ್ನು ವಕೀಲರಿಗೆ ಸರಿಯಾಗಿ ತಿಳಿಸುವುದಕ್ಕೆ ಇನ್ನೊಂದು ಕಾರಣವಿದೆ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು, 1923ರ ಕಾಯ್ದೆಯನ್ನು ಒಳಗೆ ಸೇರಿಸಿಕೊಂಡಿದೆ. ಕೆಲಸಕ್ಕೂ ಪ್ರಯಾಣಕ್ಕೂ ನಂಟಿದೆ ಎಂದು ಸಾಬೀತಾದರೆ, ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಾದ ಅಪಘಾತವೂ ಹೊಸ ಸಂಹಿತೆಯಲ್ಲಿ ಪರಿಹಾರಕ್ಕೆ ಒಳಪಡುತ್ತದೆ.

ಉಚಿತ ನೆರವಿನಡಿ ನೇಮಕವಾದ ಪ್ಯಾನೆಲ್ ವಕೀಲರು ‘ಓಡಾಟದ ಖರ್ಚು’ ಎಂದು ಕೈ ಚಾಚಿದರೆ ಕೊಡಬೇಡಿ. ಕಕ್ಷಿದಾರರಿಂದ ಅವರು ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಲಿಖಿತ ದೂರು ಕೊಟ್ಟು, ಬೇರೆ ವಕೀಲರನ್ನು ಕೇಳಿ. ಆ ಕುರ್ಚಿಯಲ್ಲಿ ಕೂತಿರುವವರು ನ್ಯಾಯಾಧೀಶರೇ.